ಅಂಚಿನ ಕ್ರೇಟು

ಬೆಳಗಿನ ಜಾವ ನಾಲ್ಕಕ್ಕೆ ದಕ್ಕೆಯಲ್ಲಿ
ನನ್ನನ್ನು ಯಾರೂ ಫೋಟೋದವ ಎನ್ನುವುದಿಲ್ಲ.
"ಓ ಮಾರಾಯ, ದಾರಿ ಬಿಡು" ಎನ್ನುತ್ತಾರೆ.
ಹಗಲಿಗೆ ನಾನು ಹೊಯ್ಗೆ ಬಜಾರಿನ ಸ್ಟುಡಿಯೋದಲ್ಲಿ:
ಗದ್ದ ಸ್ವಲ್ಪ ಮೇಲೆ, ನಗಬೇಡಿ, ಕಿವಿ ಕಾಣಬೇಕು,
ಎಂಟು ಪ್ರತಿಗೆ ಅರುವತ್ತು ರೂಪಾಯಿ.

ಸೂರ್ಯನನ್ನು ತೆಗೆಯಲು ಜನ ಪಣಂಬೂರಿಗೆ ಹೋಗುತ್ತಾರೆ.
ಇಲ್ಲಿ ಅವನು ಏಳುವಷ್ಟರಲ್ಲಿ ಬಂಗುಡೆ ಮಾರಿ ಆಗಿರುತ್ತದೆ.
ಐಸ್ ಪ್ಲಾಂಟಿನ ಬಾಯಿಂದ ಗಡ್ಡೆಯ ಚೂರು
ಜಲ್ಲಿ ಸುರಿದ ಹಾಗೆ ಸುರಿಯುತ್ತದೆ;
ಒರಿಸ್ಸಾದ ಹುಡುಗನೊಬ್ಬ ಬಲೆಯ ರಾಶಿಯ ಮೇಲೆ
ಎದೆಗೆ ಫೋನಿಟ್ಟು ನಿದ್ದೆ ಹೋಗಿದ್ದಾನೆ,
ಫೋನಿನೊಳಗೆ ಯಾರೋ ಇನ್ನೂ ಮಾತಾಡುತ್ತಿದ್ದಾರೆ.
ಹನ್ನೊಂದು ವರ್ಷದಿಂದ ಇಷ್ಟನ್ನೇ ತೆಗೆಯುತ್ತಿದ್ದೇನೆ.
ಯಾರಿಗೆ ಎಂದು ಕೇಳಿದರೆ ಲೆನ್ಸು ಒರೆಸುತ್ತೇನೆ.

ನವೆಂಬರಿನಲ್ಲಿ ಪದ್ದು ಮೆಂಡನ್ ಸಿಕ್ಕಿದ,
ಚಾ ಕುಡಿಯುತ್ತ, ಗೋಡೆಗೊರಗಿ.
ಹಿಂದೆ ಡೀಸೆಲ್ ನೀರಿನ ಬಣ್ಣ, ಒಂದು ಬೆಕ್ಕು,
ಯಾರದೋ ಅರ್ಧ ಕಾಲು, ಬಲ್ಬಿನ ಸುತ್ತ ಆವಿ.
ಅದು ನನ್ನ ಒಳ್ಳೆಯ ಫೋಟೋ.
ಯಾರಿಗೂ ಹೇಳಿದವನಲ್ಲ.

ಫೆಬ್ರವರಿಯಲ್ಲಿ ಅವನ ತಮ್ಮ ಬಂದ.
"ಅಣ್ಣ ಹೋದ. ಬೇರೆ ಫೋಟೋ ಇಲ್ಲ,
ಆಧಾರಿನದ್ದು ಕಳ್ಳನ ಹಾಗುಂಟು.
ಆ ಹಿಂದಿನ ಕಸ ಎಲ್ಲ ತೆಗೀರಿ, ನೀಲಿ ಹಾಕಿ.
ಒಂದು ಕೋಟು ಕೂಡ."

ತೆಗೆದೆ. ಮೊದಲು ಬೆಕ್ಕು, ಮತ್ತೆ ಆವಿ, ಮತ್ತೆ ಕಾಲು.
ಚಾದ ಲೋಟ ತೆಗೆದಾಗ
ಕೈ ಬರೀ ಗಾಳಿ ಹಿಡಿದುಕೊಂಡಿತ್ತು,
ಕೈಯನ್ನೂ ತೆಗೆದೆ.
ಕೋಟು ನನ್ನಲ್ಲಿ ಮೂರುಂಟು, ಕಪ್ಪು, ಕಂದು, ಬೂದು;
ನಮ್ಮ ವಾರ್ಡಿನಲ್ಲಿ ಸತ್ತವರೆಲ್ಲ
ಸರದಿಯಲ್ಲಿ ಹಾಕಿಕೊಳ್ಳುತ್ತಾರೆ.
ಪದ್ದುವಿಗೆ ಕಂದು ಬಂತು.

ಬೊಜ್ಜ ಕಳೆದ ನಾಲ್ಕನೇ ದಿನ
ಗುಲಾಬಿ ಬಂದಳು, ಅವನ ಹೆಂಡತಿ,
ಮೀನಿನ ಬುಟ್ಟಿ ಮೆಟ್ಟಲಲ್ಲೇ ಇಟ್ಟು.
"ಕೋಟಿನದ್ದಲ್ಲ. ಮೊದಲಿನದ್ದು ಉಂಟಾ?"

ಎದೆ ಉಬ್ಬಿದ್ದು ಸುಳ್ಳಲ್ಲ.
ಇಷ್ಟು ವರ್ಷಕ್ಕೆ ಒಬ್ಬಳು, ಎಂದುಕೊಂಡೆ.
ಪೂರ್ತಿ ಚಿತ್ರ ತೆರೆದು ಕುರ್ಚಿ ಎಳೆದು ಕೊಟ್ಟೆ.
ಅವಳು ಕೂರಲಿಲ್ಲ. ಅವನನ್ನು ನೋಡಲೂ ಇಲ್ಲ.
ಬೆರಳು ಸೀದಾ ಹೋದದ್ದು ಎಡದ ಅಂಚಿಗೆ,
ಕತ್ತರಿಸಿಬಿಡಲೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದ
ಅರ್ಧ ಕ್ರೇಟಿನ ಮೇಲೆ.
"ದೊಡ್ಡದು ಮಾಡಿ. ಇನ್ನೂ."
ನೀಲಿ ಪ್ಲಾಸ್ಟಿಕ್ಕಿನಲ್ಲಿ ಕೆಂಪು ಪೈಂಟು: ಪ. ಮೆ.

"ನೋಡಿ. ಹೀಗೆ ಬರೆದದ್ದು ಹದಿನಾಲ್ಕು ಕ್ರೇಟು.
ಪ್ಲಾಂಟಿನವ ಈಗ ಅವನದ್ದು ಅಂತ ಹೇಳ್ತಾನೆ.
ಅಕ್ಷರ ಕಾಣುವ ಹಾಗೆ ಕೊಡಿ. ಎರಡು,
ಒಂದು ಸಂಘಕ್ಕೆ."

ಅಕ್ಷರ ಮಸುಕಾಗಿತ್ತು. ಹೇಳಿದೆ,
ಫೋಕಸ್ ಮುಖದ ಮೇಲಿತ್ತು, ಅದಕ್ಕೆ.
"ಮುಖ ಎಂತಕ್ಕೆ?" ಎಂದಳು.
"ಅದು ನನಗೆ ಗೊತ್ತುಂಟಲ್ಲ."

ಪ್ರಿಂಟರು ಗರಗರ ಎನ್ನುತ್ತಿದ್ದಷ್ಟು ಹೊತ್ತು
ಇಬ್ಬರೂ ಕ್ರೇಟನ್ನೇ ನೋಡಿದೆವು.
ಬುಟ್ಟಿಯಿಂದ ಕರಗಿದ ಐಸು
ಮೆಟ್ಟಲಿಂದ ಮೆಟ್ಟಲಿಗೆ ಇಳಿಯುತ್ತಿತ್ತು.
ದುಡ್ಡು ಬೇಡವೆಂದೆ. ಆರು ಬೂತಾಯಿ ಇಟ್ಟುಹೋದಳು.

ಹನ್ನೊಂದು ಸಿಕ್ಕಿತಂತೆ.
ಮೂರರ ಮೇಲೆ ಬಣ್ಣ ಹೋಗಿತ್ತಂತೆ.

ಈಗ ದಕ್ಕೆಯಲ್ಲಿ ನನ್ನನ್ನು ಕೂಗುವವರಿದ್ದಾರೆ.
ಮೊನ್ನೆ ಮಗುಚಿಟ್ಟ ಕ್ರೇಟಿನ ಮೇಲೆ ಕೂತು
ಗಿರಾಕಿಯೊಡನೆ ಜಗಳದ ನಡುವೆಯೇ ಗುಲಾಬಿ,
"ಇಲ್ಲಿ ಬನ್ನಿ, ಈ ತಕ್ಕಡಿಯದ್ದೊಂದು ತೆಗೀರಿ.
ನಂಬರು ಬರಬೇಕು."

ಬಗ್ಗಿದೆ. ನಂಬರು ಬಂತು.
ಅವಳ ಅರ್ಧ ಭುಜ ಬಂತು, ಬೈಯುವ ಬಾಯಿ ಬಂತು.
ಕಿವಿ ಬರಲಿಲ್ಲ.