ವಾರದ ರಜೆ

ಇವತ್ತು ವಿಷಲ್ ನನ್ನ ಕೊರಳಲ್ಲಿಲ್ಲ.
ರಾತ್ರಿಯೇ ಡಿಪೋದಲ್ಲಿ ಚೀಲ ಒಪ್ಪಿಸಿ,
ಲೆಕ್ಕಕ್ಕೆ ಕಮ್ಮಿ ಬಂದ ಮೂರು ರೂಪಾಯಿ
ಕೈಯಿಂದ ಹಾಕಿ, ಬಂದು ಮಲಗಿದವಳು
ಎದ್ದಾಗ ಎಂಟೂವರೆ.
ಹಾಸನದ ಎಂಟೂವರೆಯ ಬಿಸಿಲು ಹೀಗಿರುತ್ತದೆಂದು
ಮರೆತೇಹೋಗಿತ್ತು.

ಯುಗಾದಿಗಿನ್ನೂ ಹನ್ನೆರಡು ದಿನ.
ಸಾಲಗಾಮೆ ರಸ್ತೆಯ ಹೊಂಗೆಮರಗಳು ಆಗಲೇ
ರಾತ್ರೋರಾತ್ರಿ ಹೂ ಸುರಿದಿವೆ,
ಯಾರೋ ಅಕ್ಕಿ ಕೇರಿ ಮೊರ ಕೊಡವಿದ ಹಾಗೆ,
ಸ್ಕೂಟರಿನ ಸೀಟಿನ ಮೇಲೆ, ಚರಂಡಿಯ ಚಪ್ಪಡಿಯ ಮೇಲೆ,
ಮಲಗಿದ ನಾಯಿಯ ಮೇಲೂ.
ನಾಯಿ ಏಳಲಿಲ್ಲ. ನಾನೂ ಬಿರಬಿರನೆ ನಡೆಯಲಿಲ್ಲ.

ದಿನಕ್ಕೆ ಆರುನೂರು ಸಲ ನಾನು ಕೇಳುವ ಮಾತು,
ಎಲ್ಲಿಗೆ, ಎಲ್ಲಿಗಮ್ಮ, ಎಲ್ಲಿಗೆ ಯಜಮಾನ್ರೇ,
ಚಿಲ್ಲರೆ ಕೊಡಿ, ಒಳಗೆ ಹೋಗಿ, ಎಲ್ಲಿಗೆ?
ಇವತ್ತು ನನ್ನನ್ನೇ ಕೇಳಿಕೊಂಡೆ.
ಉತ್ತರ ಬರಲಿಲ್ಲ. ಚಪ್ಪಲಿ ಮಾತ್ರ
ಪೆನ್ಶನ್ ಮೊಹಲ್ಲಾದ ಕಡೆ ತಿರುಗಿತು.

ಮರುಳಯ್ಯನವರದು ಅಂಗಡಿಯಲ್ಲ,
ಎರಡು ಗೋಡೆ ಜಗಳವಾಡಿ ಬಿಟ್ಟುಕೊಟ್ಟ ಓಣಿ,
ಮೇಲೊಂದು ತಗಡು.
ಅಡ್ಡ ನಿಂತರೆ ಒಬ್ಬರು, ಒತ್ತಿ ನಿಂತರೆ ಮೂವರು.
ಗೈಡು, ಹೋದ ವರ್ಷದ ಪಂಚಾಂಗ, ಕೋಳಿ ಸಾಕಣೆ,
ಮದುವೆಯಲ್ಲಿ ಮುಯ್ಯಿಗೆ ಬಂದ ಅಡುಗೆ ಪುಸ್ತಕ,
ಹಾರೈಸಿದ ಪುಟದಲ್ಲಿನ್ನೂ ಅರಿಶಿನದ ಬೆರಳು.
"ತೂಕಕ್ಕೆ ಬಂದಿದ್ದು ಎಡಕ್ಕೆ,
ಅಳ್ತಾ ಕೊಟ್ಟು ಹೋಗಿದ್ದು ಬಲಕ್ಕೆ,
ರೇಟು ಎರಡಕ್ಕೂ ಒಂದೇ" ಎಂದವರು
ಕಣ್ಣೆತ್ತಿ, "ಓ ಕಂಡಕ್ಟ್ರಮ್ಮ! ಖಾಕಿ ಇಲ್ದೆ
ಗುರ್ತೇ ಸಿಗ್ಲಿಲ್ಲ ನೋಡಿ."

ಬಲಗಡೆ, ತೀರ ಕೆಳಗಿನ ಸಾಲು. ನೆಲಕ್ಕೇ ಕೂತೆ.
ದಿನವಿಡೀ ನಿಲ್ಲುವವಳಿಗೆ ಕೂರುವುದೇ ಒಂದು ಹಬ್ಬ.
ರಟ್ಟು ಕಿತ್ತ, ಹೆಸರಿಲ್ಲದ ಕಾದಂಬರಿಯೊಂದು
ಕೈಯಲ್ಲಿ ತಾನಾಗಿ ತೆರೆದುಕೊಂಡಿತು
ನೂರಾ ಹನ್ನೆರಡನೇ ಪುಟಕ್ಕೆ.
ಅಲ್ಲೊಂದು ಬಸ್ ಟಿಕೇಟು.
ಮೆಷಿನ್ನು ಉಗುಳುವ ಮಸುಕು ಚೀಟಿಯಲ್ಲ;
ತೆಳು ಗುಲಾಬಿ, ಒಂದೂವರೆ ರೂಪಾಯಿ,
ಪಂಚಿನ ತೂತು ಓಲೆ ಬಿಚ್ಚಿಟ್ಟ ಕಿವಿಯದರಂತೆ.
ಹಾಸನ ಡಿಪೋ. ನಮ್ಮದೇ.
ಹರಿದ ಕೈ ಯಾವುದೋ. ಎಡೆಗಂಟು ಕಟ್ಟಿ
ನನ್ನ ಹಾಗೇ ಕಂಬಕ್ಕೆ ಒರಗಿ ಹರಿದಿರಬೇಕು.
ಓದುತ್ತಿದ್ದವರು ಇಲ್ಲಿ ಇಳಿದುಹೋಗಿದ್ದಾರೆ.
ಕಥೆಯಲ್ಲೊಬ್ಬಳು ಬಾವಿಕಟ್ಟೆಯ ಮೇಲೆ ಕೊಡ ಇಟ್ಟು
ಏನನ್ನೋ ಹೇಳಲು ಬಾಯಿ ತೆರೆದಿದ್ದಾಳೆ.
ಅಲ್ಲಿಂದಾಚೆಯ ಹಾಳೆಗಳು ಹೊಸ ನೋಟಿನ ಹಾಗೆ ಗರಿಗರಿ.

ಮೂವತ್ತು ರೂಪಾಯಿ. ಚೌಕಾಸಿ ಮಾಡಲಿಲ್ಲ.

ಸಂತೇಪೇಟೆಯಲ್ಲಿ ದಸ್ತಗೀರ್ ಸಾಹೇಬರು
ಹಿಂದೆ ಟೇಪ್ ರೆಕಾರ್ಡರು, ಈಗ ಮಿಕ್ಸಿ ರಿಪೇರಿ.
ಮೂಲೆಯ ಷೂ ಡಬ್ಬಗಳಲ್ಲಿ ಕ್ಯಾಸೆಟ್ಟುಗಳು
ಬೆನ್ನು ತೋರಿಸಿ ಮಲಗಿವೆ.
"ಯಾವ ಹಾಡು ಬೇಕಮ್ಮ?"
"ಗೊತ್ತಿಲ್ಲ" ಅಂದೆ.
"ಹಾಗಾದ್ರೆ ಕೂತ್ಕೊಳ್ಳಿ."

ಪೆನ್ಸಿಲ್ಲು ತೂರಿಸಿ ಸುತ್ತಿ ಸುತ್ತಿ ಅವರು ಹಾಕಿದ್ದು
ಶಾಯಿಯಲ್ಲಿ 'ವನಮಾಲಾ' ಎಂದಷ್ಟೇ ಬರೆದದ್ದು.
ಮೊದಲು ಬರೀ ಜೊರ್ರೆನ್ನುವ ಸದ್ದು. ಆಮೇಲೆ ಹಾರ್ಮೋನಿಯಂ.
ಆಮೇಲೆ ಹತ್ತೋ ಹನ್ನೊಂದೋ ವರ್ಷದ ಗಂಟಲು
ಸ ರಿ ಗ ಮ ಹತ್ತುತ್ತ ಹತ್ತುತ್ತ
ದ ದಾಟಿ ನಿಗೆ ಕಾಲಿಡುವಾಗ ಜಾರುತ್ತದೆ.
ಇನ್ನೊಂದು ಸಲ, ಎನ್ನುತ್ತಾರೆ ಮೇಷ್ಟ್ರು.
ಮತ್ತೆ ಅಲ್ಲೇ.
ಇನ್ನೊಂದು ಸಲ.
ಅಷ್ಟರಲ್ಲಿ ಒಳಮನೆಯಲ್ಲಿ ಕುಕ್ಕರ್ ಕೂಗಿತು.
ಥಟ್ಟನೆ ನನ್ನ ಕೈ ನನ್ನ ಕೊರಳಿಗೆ ಹೋಯಿತು.
ಸಾಹೇಬರು ನಕ್ಕರು. ಆ ಹುಡುಗಿಯೂ, ಟೇಪಿನೊಳಗೆ.

ಎಷ್ಟು ಅಂದೆ.
"ಇದು ಮಾರೋದಲ್ಲಮ್ಮ, ರಿಪೇರಿಗೆ ಬಂದಿದ್ದು.
ತೊಂಬತ್ತೇಳರಲ್ಲಿ.
ತಗೊಂಡ್ಹೋಗೋಕೆ ಬರ್ತಾರೆ."
ಬರುವುದಿಲ್ಲವೆಂದು ಹೇಳಲು ನಾನ್ಯಾರು.
ಎಷ್ಟೋ ಸಲ ಬಸ್ಸು ಹೊರಡಿಸಿದ ಮೇಲೂ
ಕೈಬೀಸುತ್ತ ಓಡಿಬಂದವರಿದ್ದಾರೆ.

ಸಂಜೆ ಮಹಾರಾಜ ಪಾರ್ಕಿನ ಕಲ್ಲುಬೆಂಚು.
ಮೊದಲಿಂದ ಓದಬೇಕಿತ್ತು,
ನೂರಾ ಹನ್ನೆರಡರಲ್ಲೇ ಹತ್ತಿಕೊಂಡೆ.
ಬಾವಿಕಟ್ಟೆಯವಳು ಹೇಳಿದ್ದು ಅಂಥದ್ದೇನೂ ಅಲ್ಲ:
ನಾಳೆ ಹಗ್ಗ ಬದಲಾಯಿಸಬೇಕು, ಅಷ್ಟೆ.
ಆದರೂ ಎರಡು ಸಲ ಓದಿದೆ.

ನಾಳೆ ಐದೂಕಾಲಿಗೆ ಹೊಳೇನರಸೀಪುರ.
ಅದು ನಾಳೆ.
ಯಾರೂ ಇಲ್ಲವೆಂದು ಮೆಲ್ಲಗೆ ಗುನುಗಿ ನೋಡಿದೆ,
ಅವಳು ಜಾರಿದಲ್ಲೇ ನಾನೂ ಜಾರಿದೆ.
ಕಡ್ಲೆಕಾಯಿಯವನು ತಿರುಗಿ ನೋಡಿ
ಹತ್ತು ರೂಪಾಯಿಯ ಪೊಟ್ಟಣಕ್ಕೆ
ನಾಲ್ಕು ಕಾಯಿ ಜಾಸ್ತಿ ಹಾಕಿದ.