ಇಡೀ ಗಂಟು ಕಳಿಸಿ

ವಿಲ್ಸನ್ ಗಾರ್ಡನ್, ಹನ್ನೆರಡನೇ ಕ್ರಾಸು.
ನಮ್ಮ ಲ್ಯಾಬು ನೆಲಮಾಳಿಗೆಯಲ್ಲಿ.
ಇಲ್ಲಿಗೆ ಜನ ಬರುವುದಿಲ್ಲ, ಚೂರುಗಳು ಬರುತ್ತವೆ,
ಮೇಣದ ಬಿಲ್ಲೆಯೊಳಗೆ ಕೂತು,
ಮೈಗೆ ನಂಬರು ಬರೆಸಿಕೊಂಡು.

ಇವತ್ತಿನದು ಬಿ ೪೪೧೭.
ಮುನಿಯಾಂಜಿನಪ್ಪ, ನಲವತ್ತೇಳು, ಗಂಡಸು.
ಕುತ್ತಿಗೆಯ ಎಡಗಡೆ ಗಂಟು, ಎರಡು ತಿಂಗಳಿಂದ.
ಮೊದಲು ಕಂಡುಹಿಡಿದದ್ದು ಕ್ಷೌರದಂಗಡಿಯವನಂತೆ;
ಸರ್ಜನ್ ಅದನ್ನೂ ಬರೆದಿದ್ದಾರೆ
ತಮ್ಮ ಕೋಳಿಕಾಲಿನ ಅಕ್ಷರದಲ್ಲಿ.

ಸೂಜಿಯಲ್ಲಿ ಹೆಕ್ಕಿದ ಎಳೆ, ಶಾವಿಗೆಯಷ್ಟು.
ಅದರಲ್ಲೂ ಅರ್ಧ ಜಜ್ಜಿಹೋಗಿದೆ.
ಉಳಿದರ್ಧದಲ್ಲಿ ನೀಲಿ ಕಣಗಳು
ಸಂಜೆ ಆರೂವರೆಯ ಮೆಜೆಸ್ಟಿಕ್ಕಿನ ಹಾಗೆ:
ನುಗ್ಗುತ್ತಿರುವುದು ಮನೆಗೋ, ದೊಂಬಿಗೋ,
ಮೇಲಿನಿಂದ ನೋಡಿದರೆ ಹೇಗೆ ತಿಳಿಯಬೇಕು?

ಕಂದು ಬಣ್ಣದ ಸ್ಲೈಡು ಹೇಳುತ್ತದೆ:
ನೂರರಲ್ಲಿ ಅರವತ್ತು ಕಣ ಒಡೆಯಲು ಹೊರಟಿವೆ, ಹೆದರು.
ಫ್ಲೋ ಸೈಟೊಮೆಟ್ರಿ ಹೇಳುತ್ತದೆ:
ಕಪ್ಪಾ ಲ್ಯಾಂಬ್ಡಾ ಸಮ ಸಮ, ಊರಿನ ಎಲ್ಲ ಮನೆಯವರೂ ಇದ್ದಾರೆ,
ಒಂದೇ ಹೊಟ್ಟೆಯವರಲ್ಲ, ಹೋಗಿ ಮಲಗು.
ಹೈದರಾಬಾದಿಗೆ ಕಳಿಸಿದ್ದ ಜೀನು ಪರೀಕ್ಷೆ
ಒಂದೇ ಹೊಟ್ಟೆಯವು, ಇರಬಹುದು, ಎನ್ನುತ್ತದೆ.
ಆ ಇರಬಹುದಿಗೆ ಎಂಟು ಸಾವಿರ, ಕೊರಿಯರ್ ಬೇರೆ.
ಕ್ಷಯ ಇಲ್ಲವಂತೆ.
ಇಲ್ಲ ಅಂದಮೇಲೆ ಇದ್ದದ್ದನ್ನು ಎಷ್ಟು ಸಲ ನೋಡಿಲ್ಲ.

ಸುಜಯೀಂದ್ರ, ನನ್ನ ಹತ್ತಿರ ಕಲಿಯುತ್ತಿರುವ ಹುಡುಗ, ಅವಸರದವನು:
"ಲಿಂಫೋಮಾ ಅಂತ ಬರೆದುಬಿಡೋಣ ಮೇಡಂ, ಮೂರಕ್ಕೆ ಎರಡು."
ಓಟೆಣಿಸಿ ಗೆಲ್ಲಿಸೋಕೆ ಇದೇನು ವಾರ್ಡೇನೋ, ಅಂದೆ.

ಅಂದದ್ದು ಸರಿ.
ಇಪ್ಪತ್ತೆರಡು ವರ್ಷದ ಹಿಂದೆ ನಾನೂ ಹೀಗೇ ಎಣಿಸಿ ಬರೆದಿದ್ದೆ.
ಆ ಹುಡುಗಿಯ ಕೂದಲೆಲ್ಲ ಉದುರಿದ ಮೇಲೆ ಗೊತ್ತಾಯಿತು
ಅದು ತಾನಾಗಿ ಇಳಿಯುವ ಗಂಟೆಂದು.
ಅವಳ ನಂಬರು ಈಗಲೂ ನೆನಪಿದೆ.
ಹೆಸರಿಲ್ಲ.

ಮೂರೂವರೆಗೆ ಬಿ ೪೪೧೭ ಮೆಟ್ಟಿಲಿಳಿದು ಬಂತು,
ಖಾಕಿ ಅಂಗಿ, ಎದೆಯ ಮೇಲೆ ಡ್ರೈವರ್ ಬಿಲ್ಲೆ.
"ಮ್ಯಾಲೆ ಕೌಂಟರಾಗೆ ಒಂದ್ವಾರದಿಂದ ನಾಳೆ ಬಾ ಅಂತಾವ್ರೆ.
ಒಳ್ಳೇದೋ ಕೆಟ್ಟದ್ದೋ ಒಂದು ಯೋಳ್ಬುಡಿ ಮೇಡಮ್ಮೋರೆ,
ಬೆಳಗ್ಗೆ ನಂದು ಮೊದಲ್ನೇ ಟ್ರಿಪ್ಪು."

ಗೊತ್ತಿಲ್ಲ, ಅಂದೆ.

ಆತ ಕುತ್ತಿಗೆ ವಾಲಿಸಿದ,
ಕ್ಷೌರದವನ ಮುಂದೆ ಕೂತ ಹಾಗೆ, ಕಣ್ಣು ಮುಚ್ಚಿ.
ಎಷ್ಟು ವರ್ಷವಾಗಿತ್ತೋ ಬಿಸಿಯಿರುವ ಕುತ್ತಿಗೆ ಮುಟ್ಟಿ.
ಹಲಸಿನ ಬೀಜದಷ್ಟು. ರಬ್ಬರಿನ ಹಾಗೆ. ಜಾರುತ್ತದೆ.
ಬೆರಳೂ ಸಾಕ್ಷಿ ಹೇಳಿತು, ಎರಡೂ ಕಡೆಗೆ.
ಪಕ್ಕದಲ್ಲೇ ನಾಡಿ, ಅದರ ಪಾಡಿಗೆ ಅದು.
ಬಿಸಿಗೆ ನಮ್ಮ ಫಾರ್ಮಿನಲ್ಲಿ ಕಾಲಂ ಇಲ್ಲ.

"ಗೊತ್ತಿಲ್ಲ ಅಂತ್ಲೇ ಬರ್ಕೊಡ್ತೀರಾ?" ಕೇಳಿದ.
"ರಜಾ ಕೇಳಕ್ಕಾಯ್ತದೆ."

ಟೈಪು ಮಾಡಿದೆ:
ಲಿಂಫೋಮಾ ಎನ್ನಲು ಇಷ್ಟು ಸಾಲದು,
ಅಲ್ಲ ಎನ್ನಲೂ ಸಾಲದು.
ದಯವಿಟ್ಟು ಇಡೀ ಗಂಟು ಕಳಿಸಿ,
ಫಾರ್ಮಲಿನ್ ಹಾಕದೆ, ಹಸಿಯಾಗಿ, ಅರ್ಧ ಗಂಟೆಯೊಳಗೆ.
ನಡುವೆ ಎಲ್ಲೋ ಒಂದು ಬಹುಶಃ ಬಿದ್ದಿತ್ತು. ಅಳಿಸಿದೆ.

ಸುಜಯೀಂದ್ರ ಪ್ರಿಂಟು ತೆಗೆದ, ಮಾತಾಡದೆ,
ಎರಡು ಪ್ರತಿ:
ಒಂದು ಸರ್ಜನ್‌ಗೆ,
ಒಂದು ಡಿಪೋ ಮ್ಯಾನೇಜರಿಗೆ.