ಅಂಟು, ನಂಟು

ವೇಲ್ಸಿನ ಈ ಕಣಿವೆಯಲ್ಲಿ ಹಳ್ಳಕ್ಕೆ ‘ನಂಟ್’ ಅನ್ನುತ್ತಾರೆ.
ಊರ ಹೆಸರು ನಂಟ್‌ಲಾಸ್, ನೀಲಿ ಹಳ್ಳ.
ಮೊದಲ ದಿನ ಫಲಕ ಓದಿ ಒಬ್ಬಳೇ ನಕ್ಕಿದ್ದೆ:
ನಮ್ಮ ಕಡೆ ನಂಟು ಅಂದರೆ
ಬೇಡವೆಂದರೂ ಕಳಚಿಕೊಳ್ಳದ್ದು.

ನೀರೇನೋ ತಿಳಿ.
ತಳದ ಕಲ್ಲಿನ ಗೆರೆ ಎಣಿಸಬಹುದು.
ಹಾವಸೆಯಿಲ್ಲ, ಹುಳವಿಲ್ಲ, ಹುಳ ತಿನ್ನುವ ಮೀನಿಲ್ಲ.
ಗುಡ್ಡದ ಹೊಟ್ಟೆಯ ಸೀಸದ ಗಣಿ
ಮುಚ್ಚಿ ನೂರು ವರ್ಷದ ಮೇಲಾಯಿತು,
ಸುರಂಗ ಇನ್ನೂ ಬಾಯಿ ಮುಚ್ಚಿಲ್ಲ.
“ಕೊಳಕಾಗಿದ್ದರೆ ಕುರಿಗಳಾದರೂ ಮೂಸಿ ಹಿಂದೆ ಸರಿಯುತ್ತಿದ್ದವು”
ಅಂದರು ಇದ್ವಾಲ್ ಬೆಬ್,
ಸತ್ತ ಮರಿಗಳ ಲೆಕ್ಕದ ಪುಸ್ತಕ ಮಡಚುತ್ತಾ.

ನನ್ನ ಕಸುಬು ಪುಡಿ ಕಟ್ಟುವುದು.
ಲೋಹದ ಗಂಟಿಗೆ ಇಂಗಾಲದ ತೊಲೆ,
ತೊಲೆಯ ತುದಿಗೆ ಮತ್ತೊಂದು ಗಂಟು,
ಬರೀ ಚೌಕಟ್ಟು. ಗೋಡೆಯಿಲ್ಲದ ಕೋಣೆಗಳು.
ಒಂದು ಚಿಟಿಕೆಯ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ
ಒಂದು ಎಕರೆ.
ಹೀಗಂದಾಗ ಇದ್ವಾಲ್
ನನ್ನ ಅಂಗೈ ನೋಡಿದರು, ತಮ್ಮ ಗುಡ್ಡ ನೋಡಿದರು.
“ಇದಕ್ಕೆ ಕಂದಾಯ ಎಷ್ಟು ಬೀಳುತ್ತದೆ?”

ಆದರೆ ಪುಡಿ ಹಳ್ಳದಲ್ಲಿ ನಿಲ್ಲದು.
ಮಣಿ ಮಾಡಿದೆ, ಬಿರಿಯಿತು. ಬಟ್ಟೆಗೆ ಬಳಿದೆ, ಉದುರಿತು.
ಎರಡು ಚಳಿಗಾಲ ಹೀಗೇ.
ಒಂದು ಸಂಜೆ ಅವರ ಕೊಟ್ಟಿಗೆಯಲ್ಲಿ
ಸೂರಿನ ತನಕ ಒಟ್ಟಿದ ಉಣ್ಣೆ ಕಂಡೆ.
ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟದಂತೆ,
ಸುಡಲೆಂದು ಇಟ್ಟದ್ದು.
ಆ ಜಿಡ್ಡಿನ ವಾಸನೆಗೆ ನನ್ನೊಳಗೆ
ಚಳ್ಳಕೆರೆಯ ಮಗ್ಗದ ಗುಂಡಿ ಬಾಯಿ ತೆರೆಯಿತು.
ಬೊಮ್ಮತ್ತೆ ಹುಣಸೆಬೀಜ ಹುರಿದು, ಸಿಪ್ಪೆ ಕಳೆದು, ಬೀಸಿ,
ಸರಿ ಕುದಿಸಿ
ಕರಿಯ ನೂಲಿಗೆ ಬಳಿಯುತ್ತಿದ್ದಳು.
“ಅಂಟು ಹದವಾಗಿದ್ದರೆ ಕಂಬಳಿ ಮಳೆಗೂ ಬಗ್ಗದು ಕಣೇ.”
ಫೋನು ಮಾಡಿ ಹದ ಕೇಳಿದೆ.
“ಯಾರ ಕಂಬಳಿಗೆ?” ಅಂದಳು.
“ಹಳ್ಳಕ್ಕೆ” ಅಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು
ನೀರಿನ ಅಳತೆ ಹೇಳಿದಳು.

ಸುರಂಗದ ಬಾಯಿಗೆ ಮೂರು ಪೀಪಾಯಿ,
ಒಂದೊಂದರಲ್ಲೂ ಉಣ್ಣೆಯ ಚೀಲ.
ಕೋಣೆ ಕೋಣೆಗೂ ಸೀಸ ಬಂದು ಕೂತಿತು,
ಕರೆಯದೆ ಬಂದು ಎದ್ದು ಹೋಗದ ನೆಂಟರ ಹಾಗೆ.
ಮೀಟರಿನ ಅಂಕಿ ಇಳಿಯಿತು. ನಾನು ಕುಣಿದೆನೋ ಏನೋ.
ಇದ್ವಾಲರ ಅಕ್ಕ ಎಲಿನೆಡ್ ಮಾತ್ರ
ಚಹಾ ಬಗ್ಗಿಸುತ್ತಾ ಕೇಳಿದರು:
“ಚೀಲ ತುಂಬಿದ ಮೇಲೆ? ಯಾರ ಊರಿಗೆ?”

ಆಮ್ಲದಲ್ಲಿ ತೊಳೆದು
ಲೋಹ ಬೇರೆ, ಕೋಣೆ ಬೇರೆ ಮಾಡಬಹುದು.
ಮತ್ತೆ ಆ ಆಮ್ಲ?
ಉತ್ತರ ಅರ್ಧ ಇತ್ತು. ಅರ್ಧವನ್ನೇ ಹೇಳಿದೆ.
ಕಂಬಳಿಯ ಮೇಲೆ ಕೂತು ಉಂಡವರು
ಕೂದಲು ಆರಿಸಿಕೊಳ್ಳಲೇಬೇಕು.

ಫೆಬ್ರವರಿಯ ನೆರೆ ಮೂರೂ ಪೀಪಾಯಿ ಹೊತ್ತೊಯ್ದಿತು.
ಕಾರ್ಡಿಫ್‌ನ ಕಚೇರಿ
ನನ್ನನ್ನು ಬೇರೊಂದು ಕಾಲಮ್ಮಿಗೆ ಬರೆದುಕೊಂಡಿತು.
ಒಂಬತ್ತನೆಯ ದಿನ, ಎರಡು ಮೈಲಿ ಕೆಳಗೆ
ಮುಳ್ಳುತಂತಿಗೆ ಜೋತಿದ್ದ ಒಂದು ಚೀಲವನ್ನು
ಇದ್ವಾಲ್ ಹೆಗಲ ಮೇಲೆ ಹೊತ್ತು ತಂದರು,
ಬಡಕಲು ಮರಿಯನ್ನು ತರುವಂತೆ.
ಕೆಸರು, ಎಲೆ, ಯಾರದೋ ಒಂಟಿ ಕೈಗವಸು.
ತೊಳೆದೆ, ಒಣಗಿಸಿದೆ, ಅಳೆದೆ.
ಹಿಡಿದ ಸೀಸ ಹೆಚ್ಚೂಕಮ್ಮಿ ಎಲ್ಲ
ಅಲ್ಲೇ ಇತ್ತು.

ಉಳಿದೆರಡು ಸಿಕ್ಕಿಲ್ಲ.
ಕಡಲಿನ ತನಕ ಹುಡುಕುತ್ತೇನೆಂದು ಬರೆದುಕೊಟ್ಟಿದ್ದೇನೆ.
ಇವತ್ತು ಸುರಂಗದ ಕೆಳಗಿನ ತಿರುವಿನಲ್ಲಿ
ಕಲ್ಲು ಹಿಡಿದು ದಾಟುವಾಗ
ಒಂದರ ಮಗ್ಗುಲ ಲೋಳೆ ಬೆರಳಿಗೆ ಅಂಟಿತು.
ಹಸಿರು.
ಒರೆಸಿಕೊಳ್ಳದೆ ಹಾಗೇ ದಂಡೆ ಹತ್ತಿದೆ.